ಜೈಂಟ್ಸ್ ಕಾರ್ಡ್ ಕೂಡಿಸುವವರಿಗೆ: ಪ್ಯಾಕೆಟ್, ಬಿಡಿ ಖರೀದಿ, ಅದಲುಬದಲು, ಇವುಗಳಲ್ಲಿ ಯಾವುದು?

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ ನೆಲೆಸಿರುವ ಕನ್ನಡದ ಮನೆಗಳಿಗೆ ಬೇಸ್‌ಬಾಲ್ ಈಗ ಹೊಸದಲ್ಲ. ಮಕ್ಕಳು ಲಿಟಲ್ ಲೀಗ್‌ನಲ್ಲಿ ಆಡುತ್ತಾರೆ, ತಂದೆತಾಯಂದಿರು ಅವರ ನೆಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಕ್ರೀಡಾಂಗಣವಾದ ಓರಾಕಲ್ ಪಾರ್ಕ್‌ಗೆ ಹೋಗಲು ಶುರುಮಾಡಿ, ಎರಡು ಮೂರು ಋತು ಕಳೆಯುವಷ್ಟರಲ್ಲಿ ತಾವೇ ಜೈಂಟ್ಸ್ ಅಭಿಮಾನಿಗಳಾಗಿಬಿಡುತ್ತಾರೆ. ಅಷ್ಟಾದ ಮೇಲೆ ಆಟಗಾರರ ಚಿತ್ರವಿರುವ ಕಾರ್ಡ್‌ಗಳು ಮನೆಗೆ ಬರದೆ ಇರುವುದಿಲ್ಲ. ಈಚೆಗೆ ಪರಿಚಿತರಲ್ಲಿ ನಾಲ್ಕಾರು ಮಂದಿ ನನ್ನನ್ನು ಕೇಳಿದ ಪ್ರಶ್ನೆ ಒಂದೇ ಬಗೆಯದು: “ನಮಗೆ ಜೈಂಟ್ಸ್ ಕಾರ್ಡ್ ಮಾತ್ರ ಬೇಕು ಸಾರ್. ಪ್ಯಾಕೆಟ್ ತರೋದಾ, ಇಬೇಯಲ್ಲಿ ಬಿಡಿಯಾಗಿ ತೊಗೊಳ್ಳೋದಾ, ಇಲ್ಲ ಯಾರ ಹತ್ತಿರವಾದರೂ ಬದಲಾಯಿಸಿಕೊಳ್ಳೋದಾ?” 2010ರಲ್ಲಿ ತಂಡ ವರ್ಲ್ಡ್ ಸೀರೀಸ್ ಗೆದ್ದ ವರ್ಷದಿಂದ ನಾನು ಈ ಮೂರನ್ನೂ ಮಾಡುತ್ತ ಬಂದಿರುವುದರಿಂದ, ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಕೂಡಿಸಿ ಬರೆಯುತ್ತಿದ್ದೇನೆ.

ಊರಿನಲ್ಲಿ ಬಿಗ್ ಫನ್ ಬಬಲ್ ಗಮ್‌ನ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳನ್ನು ಕೂಡಿಹಾಕಿದ ತಲೆಮಾರಿನವರಿಗೆ ಈ ಹವ್ಯಾಸದ ರುಚಿ ಹೇಳಿಕೊಡಬೇಕಾಗಿಲ್ಲ. ಬೇಸ್‌ಬಾಲ್ ಕಾರ್ಡ್ ಮುದ್ರಿಸುವ ಟಾಪ್ಸ್ ಕಂಪನಿಯೂ ಮೂಲತಃ ಬ್ರೂಕ್ಲಿನ್‌ನ ಗಮ್ ಕಂಪನಿಯೇ ಆಗಿತ್ತು. ಅದು 1951ರಲ್ಲಿ ಬೇಸ್‌ಬಾಲ್ ಕಾರ್ಡ್ ಆರಂಭಿಸಿ, 1952ರಲ್ಲಿ 407 ಕಾರ್ಡ್‌ಗಳ ದೊಡ್ಡ ಸೆಟ್ ಹೊರತಂದಿತು. ಇಂದಿಗೂ ತಂಡದ ಅಭಿಮಾನಿಯ ಸಂಗ್ರಹಕ್ಕೆ ಬೆನ್ನೆಲುಬು ಟಾಪ್ಸ್‌ನ ವಾರ್ಷಿಕ ಮೂಲ ಸೆಟ್ಟೇ.

ಮೊದಲು ಅಳತೆಗೋಲು

ದಾರಿಗಳನ್ನು ಹೋಲಿಸುವ ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಯಾವುದನ್ನು ಜೈಂಟ್ಸ್ ಕಾರ್ಡ್ ಎಂದು ಕರೆಯುತ್ತೀರಿ? ತಂಡ ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದದ್ದು 1958ರಲ್ಲಿ. ತಂಡದ ತಾರೆ ವಿಲ್ಲಿ ಮೇಸ್ ಅವರ ರೂಕಿ ಕಾರ್ಡ್, ಅಂದರೆ ಅವರು ಹೊಸಬರಾಗಿದ್ದಾಗಿನ ಮೊದಲ ಕಾರ್ಡ್, 1951ರ ಬೌಮನ್ ಕಂಪನಿಯ ಸೆಟ್ಟಿನ 305ನೆಯದು. ಅದು ನ್ಯೂಯಾರ್ಕ್ ಕಾಲದ್ದು, ಬೆಲೆಯೂ ನಮ್ಮಂಥವರ ಕೈಗೆ ನಿಲುಕುವುದಲ್ಲ. ಬ್ಯಾರಿ ಬಾಂಡ್ಸ್ ಅವರ 1987ರ ಟಾಪ್ಸ್ ಕಾರ್ಡ್ ಒಂದೆರಡು ಪ್ಯಾಕೆಟ್‌ಗಳ ಬೆಲೆಗೆ ಸಿಗುತ್ತದೆ, ಆದರೆ ಅದರಲ್ಲಿ ಅವರು ಪಿಟ್ಸ್‌ಬರ್ಗ್ ಪೈರೇಟ್ಸ್ ಉಡುಪಿನಲ್ಲಿದ್ದಾರೆ. ಜೈಂಟ್ಸ್‌ಗೆ ಬಂದದ್ದು 1993ರಲ್ಲಿ. ನನ್ನ ನಿಯಮ ಸರಳವಾದದ್ದು: 1958ರಿಂದ ಈಚಿನದಾಗಿರಬೇಕು, ಚಿತ್ರದಲ್ಲಿ ಆಟಗಾರ ಜೈಂಟ್ಸ್ ಉಡುಪಿನಲ್ಲಿರಬೇಕು. ನಿಮ್ಮ ನಿಯಮ ಬೇರೆಯಾಗಬಹುದು, ಆದರೆ ನಿಯಮವೇ ಇಲ್ಲದಿದ್ದರೆ ಒಂದೇ ವರ್ಷದಲ್ಲಿ ಮನೆಯಲ್ಲಿ ಬೇಡದ ಕಾರ್ಡ್‌ಗಳೇ ಹೆಚ್ಚಾಗುತ್ತವೆ. ಇದರ ಜೊತೆಗೆ ಇನ್ನೊಂದು ಮಾತು. 2010ರಿಂದ ತಂಡಗಳ ಹೆಸರನ್ನೂ ಲಾಂಛನವನ್ನೂ ಬಳಸುವ ಹಕ್ಕು ಟಾಪ್ಸ್‌ಗೆ ಮೀಸಲಾಯಿತು. ಆ ನಂತರ ಇನ್ನೊಂದು ಕಂಪನಿಯಾದ ಪಾನಿನಿ ತಂದ ಬೇಸ್‌ಬಾಲ್ ಕಾರ್ಡ್‌ಗಳಲ್ಲಿ ಆಟಗಾರ ಇರುತ್ತಾನೆ, ಟೋಪಿಯ ಮೇಲಿನ ಲಾಂಛನ ಅಳಿಸಿಹೋಗಿರುತ್ತದೆ. ಆಟಗಾರನನ್ನು ಮೆಚ್ಚಿ ಕೂಡಿಸುವವರಿಗೆ ಅದು ಕೊರತೆಯೆನಿಸದಿರಬಹುದು. ತಂಡದ ಅಭಿಮಾನಿಗೆ ಬೋಳು ಟೋಪಿಯ ಕಾರ್ಡ್ ಎಷ್ಟು ಅಗ್ಗವಾದರೂ ನಾನು ಶಿಫಾರಸು ಮಾಡುವುದಿಲ್ಲ.

ಗೆರೆ ಎಳೆದ ಮೇಲೆ ಪ್ರತಿಯೊಂದು ದಾರಿಯನ್ನೂ ನಾನು ನಾಲ್ಕು ಪ್ರಶ್ನೆಗಳಿಂದ ಅಳೆಯುತ್ತೇನೆ. ನಮಗೆ ಬೇಕಾದ ಒಂದು ಕಾರ್ಡ್‌ಗೆ ಅಂಚೆಯೂ ಸೇರಿ ನಿಜವಾಗಿ ಎಷ್ಟು ಬೀಳುತ್ತದೆ? ಕಾರ್ಡ್ ಯಾವ ಸ್ಥಿತಿಯಲ್ಲಿ ಕೈ ಸೇರುತ್ತದೆ? ಎಷ್ಟು ಸಮಯ ಹಿಡಿಯುತ್ತದೆ? ಕೊನೆಯದಾಗಿ, ಆ ಕೆಲಸವನ್ನು ಮಾಡುವಾಗ ನಮಗೂ ಮಕ್ಕಳಿಗೂ ಸಂತೋಷವಾಗುತ್ತದೆಯೇ? ಮುಂದೆ ಮಾರಿದರೆ ಎಷ್ಟು ಬರುತ್ತದೆ ಎಂಬ ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದೇನೆ. 1980ರ ದಶಕದ ಕೊನೆಯಲ್ಲಿ ಹೂಡಿಕೆಯೆಂದು ಜನ ಬಾಕ್ಸ್‌ಗಟ್ಟಲೆ ಕೂಡಿಟ್ಟರು, ಕಂಪನಿಗಳು ಮಿತಿಯಿಲ್ಲದೆ ಮುದ್ರಿಸಿದವು, ಆ ಕಾರ್ಡ್‌ಗಳಲ್ಲಿ ಬಹುಪಾಲು ಇಂದಿಗೂ ಅಂಚೆ ಖರ್ಚಿನಷ್ಟು ಬಾಳುವುದಿಲ್ಲ. ಬೆಲೆ ಏರಲಿ ಎಂದು ಕೂಡಿಸುವವರಿಗೆ ಬೇಕಾದ ಸಲಹೆಯೇ ಬೇರೆ.

ಪ್ಯಾಕೆಟ್ ಮತ್ತು ಬಾಕ್ಸ್

ಟಾಪ್ಸ್‌ನ ಮೂಲ ಸೆಟ್ ವರ್ಷಕ್ಕೆ ಮೂರು ಕಂತಿನಲ್ಲಿ ಬರುತ್ತದೆ: ಫೆಬ್ರವರಿ ಸುಮಾರಿಗೆ ಸೀರೀಸ್ 1, ಜೂನ್ ಸುಮಾರಿಗೆ ಸೀರೀಸ್ 2, ಋತು ಮುಗಿಯುವ ಹೊತ್ತಿಗೆ ಅಪ್‌ಡೇಟ್. ಟಾರ್ಗೆಟ್ ಅಥವಾ ವಾಲ್‌ಮಾರ್ಟ್‌ನಲ್ಲಿ ಸಿಗುವ ಬ್ಲಾಸ್ಟರ್ ಬಾಕ್ಸ್‌ಗೆ, ಅಂದರೆ ಕೆಲವು ಪ್ಯಾಕೆಟ್‌ಗಳಿರುವ ಸಣ್ಣ ಡಬ್ಬಿಗೆ, 20ರಿಂದ 30 ಡಾಲರ್ ಆಗುತ್ತದೆ. ಲೀಗ್‌ನಲ್ಲಿ 30 ತಂಡಗಳಿವೆ. ಆದ್ದರಿಂದ 300 ಕಾರ್ಡ್ ತೆರೆದರೆ ಸರಾಸರಿ 10 ಮಾತ್ರ ನಮ್ಮವು, ಅದರಲ್ಲೂ ಒಂದೆರಡು ಜೋಡಿಯಾಗಿ ಬರುವುದುಂಟು. ಕೇವಲ ಖರ್ಚಿನ ಲೆಕ್ಕದಲ್ಲಿ ತಂಡದ ಅಭಿಮಾನಿಗೆ ಇದಕ್ಕಿಂತ ದುಬಾರಿಯಾದ ದಾರಿ ಇನ್ನೊಂದಿಲ್ಲ.

ಆದರೂ ಪ್ಯಾಕೆಟ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಹೊಳೆಯುವ ಹಾಳೆಯನ್ನು ಹರಿದು, ಕಾರ್ಡ್‌ಗಳನ್ನು ಒಂದೊಂದಾಗಿ ಸರಿಸುತ್ತ, ಕಪ್ಪು ಮತ್ತು ಕಿತ್ತಳೆ ಬಣ್ಣ ಇಣುಕಿದಾಗ ನನ್ನ ಮಗಳು ಉಸಿರು ಬಿಗಿಹಿಡಿಯುವುದನ್ನು ನೋಡಿದ್ದೇನೆ. ಆ ಗಳಿಗೆ ಬೇರೆ ಯಾವ ದಾರಿಯಲ್ಲೂ ಸಿಗುವುದಿಲ್ಲ. ಎರಡನೆಯ ಕಾರಣ ವ್ಯಾವಹಾರಿಕವಾದದ್ದು. ಉಳಿದ 290 ಕಾರ್ಡ್‌ಗಳು ಬೇರೆ ಯಾರಿಗೋ ಬೇಕಾದವು. ಅದಲುಬದಲು ಮಾಡುವ ಮನಸ್ಸಿದ್ದವರಿಗೆ ಅದೇ ಬಂಡವಾಳ. ಮನಸ್ಸಿಲ್ಲದವರಿಗೆ ಅದು ಶೂ ಡಬ್ಬಿಯಲ್ಲಿ ಬಿದ್ದಿರುವ ಕಾಗದ. ಹಾಗಾಗಿ ಬಾಕ್ಸ್ ಕೊಳ್ಳುವ ಮೊದಲು ಕೆಳಗಿನ ಅದಲುಬದಲಿನ ಭಾಗವನ್ನು ಓದಿ ನಿರ್ಧರಿಸುವುದು ಒಳ್ಳೆಯದು.

ತಂಡದ ಸೆಟ್ ಮತ್ತು ಬಿಡಿ ಕಾರ್ಡ್

ಒಂದು ವರ್ಷದ ಮೂಲ ಸೆಟ್ಟಿನಿಂದ ಜೈಂಟ್ಸ್ ಕಾರ್ಡ್‌ಗಳನ್ನು ಮಾತ್ರ ಬೇರ್ಪಡಿಸಿ, ಒಟ್ಟಾಗಿ ಮಾರುವವರು ಇಬೇಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈಚಿನ ವರ್ಷಗಳ ಇಂಥ ತಂಡದ ಸೆಟ್ ಅಂಚೆಯೂ ಸೇರಿ ಸಾಮಾನ್ಯವಾಗಿ 10 ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ. ಒಂದು ಬ್ಲಾಸ್ಟರ್‌ನ ಅರ್ಧ ಬೆಲೆಗೆ ಆ ವರ್ಷದ ತಂಡವೆಲ್ಲ ಮನೆಗೆ ಬಂದಂತಾಯಿತು. ಇದರಲ್ಲಿ ಗಮನಿಸಬೇಕಾದದ್ದು ಒಂದೇ: ಮಾರುವವರು ಸೀರೀಸ್ 1 ಮತ್ತು 2 ಮಾತ್ರ ಕೊಡುತ್ತಿದ್ದಾರೋ, ಅಪ್‌ಡೇಟ್ ಕೂಡ ಸೇರಿದೆಯೋ ಎಂಬುದನ್ನು ಕೇಳಿಕೊಳ್ಳಬೇಕು. ಋತುವಿನ ನಡುವೆ ತಂಡಕ್ಕೆ ಬಂದವರು, ತಡವಾಗಿ ಮೊದಲ ಪಂದ್ಯ ಆಡಿದ ಹುಡುಗರು ಅಪ್‌ಡೇಟ್‌ನಲ್ಲೇ ಇರುತ್ತಾರೆ. ಟಾಪ್ಸ್ ಕಂಪನಿಯೇ 17 ಕಾರ್ಡ್‌ಗಳ ಒಂದು ತಂಡದ ಸೆಟ್ ಕೂಡ ಮಾರುತ್ತ ಬಂದಿದೆ. ಮಗುವಿನ ಹುಟ್ಟುಹಬ್ಬಕ್ಕೆ ಅದು ಚೆನ್ನಾಗಿಯೇ ಇದೆ, ಆದರೆ ಅದರ ಸಂಖ್ಯೆಗಳು ಮೂಲ ಸೆಟ್ಟಿನ ಸಂಖ್ಯೆಗಳಲ್ಲ. ಚೆಕ್‌ಲಿಸ್ಟ್ ತುಂಬಿಸುವವರಿಗೆ ಅದು ಬೇರೆಯದೇ ಸೆಟ್.

ಹಿಂದಿನ ವರ್ಷಗಳ ಖಾಲಿ ಜಾಗ ತುಂಬಿಸಲು ಬಿಡಿ ಖರೀದಿಯೇ ಬೇಕು. ಇಲ್ಲಿ ಕಾರ್ಡ್‌ನ ಬೆಲೆಗಿಂತ ಅಂಚೆಯ ಬೆಲೆ ಹೆಚ್ಚಾಗುವುದೇ ದೊಡ್ಡ ತೊಡಕು. ಸ್ಪೋರ್ಟ್‌ಲಾಟ್ಸ್ ತಾಣದಲ್ಲಿ ಸಾಧಾರಣ ಕಾರ್ಡ್‌ಗಳು ಸೆಂಟ್‌ಗಳ ಲೆಕ್ಕದಲ್ಲಿ ಸಿಗುತ್ತವೆ, ಆದರೆ ಒಬ್ಬೊಬ್ಬ ಮಾರಾಟಗಾರನಿಗೂ ಬೇರೆ ಬೇರೆ ಅಂಚೆ ಖರ್ಚು ಕೊಡಬೇಕಾಗುತ್ತದೆ. ಆದ್ದರಿಂದ ಒಬ್ಬನೇ ಮಾರಾಟಗಾರನ ಬಳಿ ಇಪ್ಪತ್ತು ಮೂವತ್ತು ಕಾರ್ಡ್ ಸಿಗುವವರೆಗೂ ಕಾದು ಕೊಳ್ಳಬೇಕು. ಸಿಒಎಂಸಿ ಎಂಬ ಇನ್ನೊಂದು ತಾಣದ ವ್ಯವಸ್ಥೆ ಬೇರೆ: ಎಲ್ಲರ ಕಾರ್ಡ್‌ಗಳೂ ಅವರದೇ ಉಗ್ರಾಣದಲ್ಲಿರುತ್ತವೆ, ಹತ್ತು ಜನರಿಂದ ಹತ್ತು ಕಾರ್ಡ್ ಕೊಂಡರೂ ಅಲ್ಲಿಯೇ ಇಟ್ಟುಕೊಂಡು ಒಂದೇ ಪೊಟ್ಟಣದಲ್ಲಿ ತರಿಸಿಕೊಳ್ಳಬಹುದು. ಬಿಡಿ ಬೆಲೆ ಕೊಂಚ ಹೆಚ್ಚು. ಆದರೆ ಪಟ್ಟಿ ಚದುರಿದ್ದಾಗ, ಅಂದರೆ 1974ರದ್ದೊಂದು, 1989ರದ್ದೊಂದು, 2003ರದ್ದೊಂದು ಬೇಕಾಗಿದ್ದಾಗ, ಒಟ್ಟು ಖರ್ಚು ಇಲ್ಲಿಯೇ ಕಡಿಮೆ ಬೀಳುತ್ತದೆ.

ಬಣ್ಣದ ಅಂಚಿನ ಕಾರ್ಡ್‌ಗಳ ಬಗ್ಗೆ ಒಂದು ಎಚ್ಚರಿಕೆ. ಒಂದೇ ಚಿತ್ರ, ಒಂದೇ ಸಂಖ್ಯೆ, ಅಂಚಿನ ಬಣ್ಣ ಮಾತ್ರ ಬದಲಾಗುತ್ತ, ಕೆಲವು ಬಣ್ಣಗಳಲ್ಲಿ ಐವತ್ತೋ ಹತ್ತೋ ಪ್ರತಿ, ಕೊನೆಗೆ ಒಂದೇ ಒಂದು ಪ್ರತಿ ಇರುವಂತೆ ಕಂಪನಿ ಮುದ್ರಿಸುತ್ತದೆ. ಇಡೀ ತಂಡಕ್ಕೆ ಎಲ್ಲ ಬಣ್ಣಗಳನ್ನೂ ಕೂಡಿಸಲು ಹೊರಟರೆ ಕೊನೆಯೆಂಬುದೇ ಇರುವುದಿಲ್ಲ. ಪ್ರೀತಿಯ ಒಬ್ಬ ಆಟಗಾರನನ್ನು ಆರಿಸಿಕೊಂಡು ಅವನಿಗಷ್ಟೇ ಆ ಶ್ರಮ ಪಡುವುದು ಮೇಲು. ನನಗೆ ಅವರು ಬಸ್ಟರ್ ಪೋಸಿ. 2010ರ ಟಾಪ್ಸ್ ಸೆಟ್ಟಿನ 2ನೇ ಸಂಖ್ಯೆಯ ಅವರ ರೂಕಿ ಕಾರ್ಡ್‌ನಿಂದ ಮೊದಲುಗೊಂಡು, ಕೈಗೆಟುಕಿದ ಬಣ್ಣಗಳನ್ನೆಲ್ಲ ಒಂದು ಬೈಂಡರ್‌ನಲ್ಲಿ ಇಟ್ಟಿದ್ದೇನೆ.

ಗುಂಪಿನಲ್ಲಿ ಬಾಕ್ಸ್ ಒಡೆಯುವುದು

ಬ್ರೇಕ್ ಎಂದು ಕರೆಯುವ ಈ ಪದ್ಧತಿಯಲ್ಲಿ ಒಬ್ಬರು ತಂಡಕ್ಕೊಂದರಂತೆ ಪಾಲುಗಳನ್ನು ಮೊದಲೇ ಮಾರಿ, ದುಬಾರಿ ಬಾಕ್ಸ್‌ಗಳನ್ನು ನೇರ ಪ್ರಸಾರದಲ್ಲಿ ತೆರೆಯುತ್ತಾರೆ. ಜೈಂಟ್ಸ್ ಪಾಲನ್ನು ಕೊಂಡವರಿಗೆ ಅದರಲ್ಲಿ ಬಂದ ಜೈಂಟ್ಸ್ ಕಾರ್ಡ್‌ಗಳೆಲ್ಲ ಸೇರುತ್ತವೆ. ಕೇಳಲು ತಂಡದ ಅಭಿಮಾನಿಗಾಗಿಯೇ ಮಾಡಿದಂತಿದೆ. ಆದರೆ ಪಾಲಿನ ಬೆಲೆಯನ್ನು ಆ ವರ್ಷ ತಂಡದಲ್ಲಿರುವ ರೂಕಿಗಳೂ ತಾರೆಗಳೂ ನಿರ್ಧರಿಸುತ್ತಾರೆ, ಬಂದರೆ ಹಸ್ತಾಕ್ಷರದ ಕಾರ್ಡ್, ಬಾರದಿದ್ದರೆ ಮೂರು ನಾಲ್ಕು ಸಾಧಾರಣ ಕಾರ್ಡ್. ಬಾಕ್ಸ್ ಒಡೆಯುವ ಹಲವರು ಸಾಧಾರಣ ಕಾರ್ಡ್‌ಗಳನ್ನು ನಾವು ಕೇಳದೆ ಕಳಿಸುವುದೂ ಇಲ್ಲ. ಯಾವ ಹಸ್ತಾಕ್ಷರ ಬೇಕೋ ಅದನ್ನು ಆ ಹಣದಲ್ಲಿ ಬಿಡಿಯಾಗಿ ಕೊಳ್ಳುವುದು ಹೆಚ್ಚು ಖಚಿತ. ಸಂಬಳದ ಹಣದಿಂದ ಹವ್ಯಾಸ ನಡೆಸುವವರು, ಅದರಲ್ಲೂ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವವರು, ಇದರಿಂದ ದೂರವಿರಬೇಕೆಂದೇ ನನ್ನ ಅಭಿಪ್ರಾಯ.

ಹಳೆಯ ಕಾರ್ಡ್‌ಗಳು, ಗ್ರೇಡ್ ಆದವು ಮತ್ತು ಆಗದವು

1958ರ ಸೆಟ್ಟಿನಲ್ಲಿ ಒರ್ಲಾಂಡೊ ಸೆಪೆಡಾ, 1960ರದರಲ್ಲಿ ವಿಲ್ಲಿ ಮೆಕೋವಿ, 1961ರದರಲ್ಲಿ ವಾನ್ ಮಾರಿಚಾಲ್, 1962ರದರಲ್ಲಿ ಗೇಲಾರ್ಡ್ ಪೆರ್ರಿ, ಹೀಗೆ ಹಾಲ್ ಆಫ್ ಫೇಮ್ ಗೌರವ ಪಡೆದ ನಾಲ್ವರು ಆಟಗಾರರ ರೂಕಿ ಕಾರ್ಡ್‌ಗಳು ಐದೇ ವರ್ಷಗಳಲ್ಲಿ ಬಂದಿವೆ. ಜೈಂಟ್ಸ್ ಅಭಿಮಾನಿಗೆ ಇದಕ್ಕಿಂತ ಶ್ರೀಮಂತವಾದ ಕಾಲ ಬೇರೊಂದಿಲ್ಲ. ಆಯ್ಕೆ ಇರುವುದು ಗ್ರೇಡಿಂಗ್ ವಿಷಯದಲ್ಲಿ. ಪಿಎಸ್‌ಎ, ಎಸ್‌ಜಿಸಿ, ಬೆಕೆಟ್‌ನಂಥ ಸಂಸ್ಥೆಗಳು ಕಾರ್ಡನ್ನು ಪರೀಕ್ಷಿಸಿ, 1ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಕೊಡುತ್ತವೆ. ನೂರಾರು ಡಾಲರ್ ಬೆಲೆಯ ಮೇಸ್ ಅಥವಾ ಮೆಕೋವಿಗೆ ಇದು ಅವಶ್ಯವೆಂದೇ ನಾನು ಹೇಳುತ್ತೇನೆ, ಏಕೆಂದರೆ ಅಂಚು ಕತ್ತರಿಸಿ ಚೂಪಾಗಿಸಿದವು, ಮರುಮುದ್ರಣಗಳು, ನಕಲಿಗಳು ಹೊಸಬರ ಕಣ್ಣಿಗೆ ಸಿಗುವುದಿಲ್ಲ. 1983ರಲ್ಲಿ ಟಾಪ್ಸ್ ಕಂಪನಿಯೇ 1952ರ ಸೆಟ್ಟನ್ನು ಮರುಮುದ್ರಿಸಿತ್ತು. ಮೂಲ ಕಾರ್ಡ್ 2⅝ ಅಂಗುಲ ಅಗಲ, 3¾ ಅಂಗುಲ ಉದ್ದ. ಮರುಮುದ್ರಣ ಇಂದಿನ ಅಳತೆಯ 2½ ಅಂಗುಲ ಅಗಲ, 3½ ಅಂಗುಲ ಉದ್ದದ್ದು. ಅಳತೆಪಟ್ಟಿ ಹಿಡಿದು ನೋಡಿದರೆ ತಿಳಿಯುವ ಇಷ್ಟು ಸಣ್ಣ ವಿಷಯಕ್ಕೂ ಮೋಸಹೋದವರಿದ್ದಾರೆ.

ಆದರೆ ಸಾಧಾರಣ ಆಟಗಾರರ ಹಳೆಯ ಕಾರ್ಡ್‌ಗಳಿಗೆ ಗ್ರೇಡಿಂಗ್ ವ್ಯರ್ಥ. ಒಂದು ಕಾರ್ಡ್‌ನ ಪರೀಕ್ಷೆಗೇ 20 ಡಾಲರಿಗಿಂತ ಹೆಚ್ಚು ಹಿಡಿಯುವಾಗ, ಮೂರು ಡಾಲರಿನ ಕಾರ್ಡ್‌ಗೆ ಅದನ್ನು ಮಾಡಿಸುವುದರಲ್ಲಿ ಅರ್ಥವಿಲ್ಲ. ಮೇಲಾಗಿ ಪ್ಲಾಸ್ಟಿಕ್ ಕವಚದ ಕಾರ್ಡ್ ಬೈಂಡರ್‌ನ ಒಂಬತ್ತು ಕಿಸೆಯ ಹಾಳೆಯಲ್ಲಿ ಕೂರುವುದೇ ಇಲ್ಲ. ನನ್ನ ಬಳಿ ಇರುವ 1971ರ ಮೇಸ್, ಆ ಸೆಟ್ಟಿನ 600ನೆಯದು, ಗ್ರೇಡ್ ಆಗಿಲ್ಲ. ಆ ವರ್ಷದ ಕಾರ್ಡ್‌ಗಳ ಅಂಚು ಕಪ್ಪು. ಸ್ವಲ್ಪ ಉಜ್ಜಿದರೂ ಬಣ್ಣ ಹಾರಿ ಒಳಗಿನ ಬಿಳಿ ರಟ್ಟು ಕಾಣುತ್ತದೆ, ನನ್ನದರಲ್ಲಿ ನಾಲ್ಕು ಮೂಲೆಗಳೂ ಸುಣ್ಣ ಹಚ್ಚಿದಂತೆ ಬೆಳ್ಳಗಾಗಿವೆ. ಹಿಂಬದಿಯ ಹಸಿರಿನ ನಡುವೆ ಮೇಸ್ ಅವರ ಚಿಕ್ಕ ಕಪ್ಪು ಬಿಳುಪು ಮುಖವಿದೆ, ಅದರ ಮೇಲೆ ಯಾರೋ ಮಗು ಪೆನ್ಸಿಲ್‌ನಿಂದ ಒಂದು ಸಣ್ಣ ಗೆರೆ ಎಳೆದಿದೆ. ಚೆನ್ನಾಗಿರುವ ಪ್ರತಿಗೆ ಕೊಡಬೇಕಾದದ್ದರ ಒಂದು ಸಣ್ಣ ಪಾಲಿಗೆ ಇದು ಸಿಕ್ಕಿತು. ಮರುವರ್ಷ 1972ರ ಮೇ ತಿಂಗಳಲ್ಲಿ ಅವರನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟುಬಿಟ್ಟರು ಎಂಬುದನ್ನು ನೆನೆದರೆ, ಜೈಂಟ್ಸ್ ಉಡುಪಿನ ಈ ಸವೆದ ಕಾರ್ಡನ್ನು ಬೇರೆ ಯಾವುದಕ್ಕೂ ಬದಲಾಯಿಸಲು ನನಗೆ ಮನಸ್ಸಾಗುವುದಿಲ್ಲ. ಕಡಿಮೆ ಹಣವಿದ್ದವರು ಸ್ಥಿತಿಯಲ್ಲಿ ರಾಜಿ ಮಾಡಿಕೊಳ್ಳಲಿ, ಕಾರ್ಡ್‌ನಲ್ಲಿ ಬೇಡ.

1974ಕ್ಕಿಂತ ಹಿಂದಿನ ಸೆಟ್‌ಗಳು ಬೇಸಿಗೆಯುದ್ದಕ್ಕೂ ಕಂತುಗಳಲ್ಲಿ ಬರುತ್ತಿದ್ದವು, ಕೊನೆಯ ಕಂತಿನ ಹೊತ್ತಿಗೆ ಕೊಳ್ಳುವವರು ಕಡಿಮೆಯಾಗುತ್ತಿದ್ದರು. ಹಾಗಾಗಿ ಸೆಟ್ಟಿನ ಕೊನೆಯ ಸಂಖ್ಯೆಗಳ ಕಾರ್ಡ್‌ಗಳು ವಿರಳ. 1962ರ 598 ಕಾರ್ಡ್‌ಗಳ ಸೆಟ್ಟಿನಲ್ಲಿ ಮೆಕೋವಿ 544ನೆಯವರು. ಅದನ್ನು ಮೊದಲು ಹುಡುಕಿ, ಸುಲಭವಾಗಿ ಸಿಗುವವನ್ನು ಆಮೇಲೆ ಕೊಳ್ಳಿ.

ಅದಲುಬದಲು

ನಾನು ಮನಸಾರೆ ಶಿಫಾರಸು ಮಾಡುವ ದಾರಿ ಇದು. ಇದರ ಗುಟ್ಟು ಸರಿಯಾದ ಜೊತೆಗಾರರನ್ನು ಹುಡುಕಿಕೊಳ್ಳುವುದರಲ್ಲಿದೆ. ಇನ್ನೊಬ್ಬ ಜೈಂಟ್ಸ್ ಅಭಿಮಾನಿ ಒಳ್ಳೆಯ ಸ್ನೇಹಿತನಾಗಬಹುದು, ಆದರೆ ನಿಮಗೆ ಬೇಕಾದದ್ದೇ ಅವರಿಗೂ ಬೇಕು. ಎದುರಾಳಿ ತಂಡದ ಅಭಿಮಾನಿಯಾದರೆ ಆ ತೊಡಕಿಲ್ಲ. ನನ್ನ ಅತ್ಯುತ್ತಮ ಜೊತೆಗಾರರು ಪಾಸಡೀನಾದಲ್ಲಿರುವ, ಹಾಸನದ ಕಡೆಯ, ಲಾಸ್ ಏಂಜಲೀಸ್ ತಂಡವಾದ ಡಾಡ್ಜರ್ಸ್‌ನ ಒಬ್ಬ ಅಭಿಮಾನಿ. ಫೆಬ್ರವರಿಯಲ್ಲಿ ಇಬ್ಬರೂ ಒಂದೊಂದು ಬಾಕ್ಸ್ ತೆರೆಯುತ್ತೇವೆ, ಅವರ ಜೈಂಟ್ಸ್ ನನಗೆ, ನನ್ನ ಡಾಡ್ಜರ್ಸ್ ಅವರಿಗೆ. ಹೋದ ಸಲ ಫೋನಿನಲ್ಲಿ, “ನಿಮ್ಮ ಪಟ್ಟಿಯ ಹತ್ತರಲ್ಲಿ ಎಂಟು ನನ್ನ ಹತ್ತಿರ ಇವೆ ಸಾರ್, ಲೆಕ್ಕ ಆಮೇಲೆ ನೋಡೋಣ, ಮೊದಲು ಕಳಿಸ್ತೀನಿ” ಎಂದರು. ಹೀಗೆ ನಾಲ್ಕು ತಂಡಗಳ ನಾಲ್ವರು ಸೇರಿದರೆ, ಬಾಕ್ಸ್ ತೆರೆಯುವುದೂ ದುಬಾರಿಯಾಗಿ ಉಳಿಯುವುದಿಲ್ಲ.

ಹತ್ತಿರದಲ್ಲಿ ಅಂಥವರು ಯಾರೂ ಇಲ್ಲದಿದ್ದರೆ ಟ್ರೇಡಿಂಗ್ ಕಾರ್ಡ್ ಡೇಟಾಬೇಸ್ ತಾಣದಲ್ಲಿ ನಿಮ್ಮ ಬಳಿ ಇರುವವನ್ನೂ ಬೇಕಾದವನ್ನೂ ದಾಖಲಿಸಬಹುದು. ಯಾರೊಂದಿಗೆ ಹೊಂದಿಕೆಯಾಗುತ್ತದೆ ಎಂದು ಅದೇ ತೋರಿಸುತ್ತದೆ. ದಾಖಲಿಸಲು ಕೆಲವು ಸಂಜೆಗಳೇ ಬೇಕಾಗುತ್ತವೆ, ಆದರೆ ಆ ಪಟ್ಟಿ ಮುಂದೆ ಬಿಡಿ ಖರೀದಿಗೂ ಉಪಯೋಗಕ್ಕೆ ಬರುತ್ತದೆ. ಬದಲಾವಣೆಯ ಲೆಕ್ಕದಲ್ಲಿ ಎರಡು ಪದ್ಧತಿಗಳಿವೆ. ಸಾಧಾರಣ ಕಾರ್ಡ್‌ಗಳಿಗೆ ಒಂದಕ್ಕೆ ಒಂದು ಎಂಬುದೇ ಸರಿ. ರೂಕಿ, ಹಸ್ತಾಕ್ಷರ, ಇಂತಿಷ್ಟೇ ಪ್ರತಿ ಎಂದು ಸಂಖ್ಯೆ ಹಾಕಿದ ಕಾರ್ಡ್‌ಗಳಿಗೆ ಇಬೇಯಲ್ಲಿ ಈಚೆಗೆ ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಬೇಕೇ ಹೊರತು, ಮಾರಾಟಗಾರರು ಕೇಳುತ್ತಿರುವ ಬೆಲೆಯನ್ನಲ್ಲ. ಶೋಹೇ ಓಟಾನಿ ಡಾಡ್ಜರ್ಸ್ ಸೇರಿದ ಮೇಲೆ ಅವರ ಒಂದು ಕಾರ್ಡ್‌ಗೆ ನನ್ನ ಜೊತೆಗಾರರು ಹದಿನೈದು ಜೈಂಟ್ಸ್ ಕಾರ್ಡ್‌ಗಳನ್ನು ಕೊಟ್ಟರು, ಇಬ್ಬರಿಗೂ ತೃಪ್ತಿಯಾಯಿತು.

ಅಪಾಯ ಇಲ್ಲವೆಂದಲ್ಲ. ಮೊದಲ ವರ್ಷ ನಾನು ಪರಿಚಯವಿಲ್ಲದ ಒಬ್ಬರಿಗೆ ಒಳ್ಳೆಯ ರೂಕಿ ಕಾರ್ಡ್ ಕಳಿಸಿ, ಪ್ರತಿಯಾಗಿ ಏನೂ ಬಾರದೆ ಬಹಳ ದಿನ ನೊಂದುಕೊಂಡಿದ್ದೇನೆ. ಕಡಿಮೆ ಅನುಭವ ಇರುವವರು ಮೊದಲು ಕಳಿಸುವುದು ಈ ವಲಯದ ವಾಡಿಕೆ. ಆದ್ದರಿಂದ ಹೊಸಬರು ಮೊದಲ ನಾಲ್ಕೈದು ಸಲ ಕಳೆದುಹೋದರೂ ಬಾಧಿಸದಂಥ ಕಾರ್ಡ್‌ಗಳನ್ನಷ್ಟೇ ಕಳಿಸಿ, ವಿಶ್ವಾಸ ಗಳಿಸಿಕೊಳ್ಳಬೇಕು. ಬೆಲೆಬಾಳುವುದನ್ನು ಗುಳ್ಳೆ ಹಾಳೆಯ ಲಕೋಟೆಯಲ್ಲಿ, ಟ್ರ್ಯಾಕಿಂಗ್ ಸಂಖ್ಯೆಯೊಂದಿಗೆ ಮಾತ್ರ ಕಳಿಸಬೇಕು. ಕಾರ್ಡನ್ನು ಮೊದಲು ಪೆನ್ನಿ ಸ್ಲೀವ್ ಎಂಬ ತೆಳು ಪ್ಲಾಸ್ಟಿಕ್ ಚೀಲಕ್ಕೆ, ಆಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ ಹಾಕಿ, ಗೋಡೆಗೆ ಬಣ್ಣ ಬಳಿಯುವವರು ಬಳಸುವ ನೀಲಿ ಟೇಪನ್ನು ಕವಚದ ಬಾಯಿಗೆ ಅಂಟಿಸಿ, ತುದಿಯನ್ನು ಮಡಿಸಿಡಿ. ಪಾರದರ್ಶಕ ಟೇಪ್ ಹಾಕಿದರೆ ಬಿಡಿಸುವಾಗ ಅಂಟು ಒಳಗಿಳಿದು ಕಾರ್ಡ್ ಹಾಳಾಗುತ್ತದೆ.

ಯಾರಿಗೆ ಯಾವುದು

ತಿಂಗಳಿಗೆ 20 ಡಾಲರ್ ಮಾತ್ರ ಖರ್ಚು ಮಾಡಬಲ್ಲ, ಜೊತೆಗೆ ಎಂಟು ಹತ್ತು ವರ್ಷದ ಮಗುವಿರುವ ಮನೆಯವರು ವರ್ಷಕ್ಕೆ ಮೂರೇ ಬ್ಲಾಸ್ಟರ್ ತರಲಿ, ಪ್ರತಿ ಕಂತಿಗೆ ಒಂದರಂತೆ. ಅದರಲ್ಲಿ ಬಾರದ ಜೈಂಟ್ಸ್ ಆಟಗಾರರಿಗಾಗಿ ತಂಡದ ಸೆಟ್ ಕೊಂಡು, ಉಳಿದ ತಂಡಗಳ ಕಾರ್ಡ್‌ಗಳನ್ನು ಮಗುವಿನ ಗೆಳೆಯರೊಂದಿಗೆ ಬದಲಾಯಿಸಲು ಬಿಡಲಿ. ಸಮಯವೇ ಇಲ್ಲದೆ ಹಣ ಒಂದಿಷ್ಟು ಇರುವವರಿಗೆ ಪ್ರತಿ ವರ್ಷ ತಂಡದ ಸೆಟ್ ಮತ್ತು ಸಿಒಎಂಸಿಯ ಬಿಡಿ ಖರೀದಿ ಸಾಕು, ಪ್ಯಾಕೆಟ್ ಬೇಡ. ಸಂಜೆಗಳು ಬಿಡುವಾಗಿರುವ, ಪತ್ರವ್ಯವಹಾರ ಇಷ್ಟಪಡುವ ಹಿರಿಯರಿಗೆ, ನಿವೃತ್ತರಾದವರಿಗೆ, ಅದಲುಬದಲಿನಷ್ಟು ಹೊಂದುವ ದಾರಿ ಬೇರೆಯಿಲ್ಲ. ವರ್ಷಕ್ಕೊಮ್ಮೆ ಮುನ್ನೂರು ನಾನೂರು ಡಾಲರ್ ಒಟ್ಟಿಗೆ ತೆಗೆದಿಡಬಲ್ಲವರು ಅದನ್ನು ಬಾಕ್ಸ್‌ಗಳಿಗೆ ಹಂಚದೆ, ಕಡಿಮೆ ಅಂಕದ ಆದರೆ ಗ್ರೇಡ್ ಆದ ಒಬ್ಬ ಮಾರಿಚಾಲ್‌ಗೋ ಸೆಪೆಡಾಗೋ ಕಾಯುವುದು ಉತ್ತಮ, ಮತ್ತು ಅಂಥದನ್ನು ಕೊಳ್ಳುವ ಮೊದಲು ಹತ್ತಿರದ ಕಾರ್ಡ್ ಅಂಗಡಿಗೆ ಹೋಗಿ ಅದೇ ವರ್ಷದ ಯಾವುದಾದರೂ ಎರಡು ಡಾಲರಿನ ಕಾರ್ಡನ್ನು ಕೈಯಲ್ಲಿ ಹಿಡಿದು, ರಟ್ಟಿನ ದಪ್ಪವನ್ನೂ ಹಿಂಬದಿಯ ಬಣ್ಣವನ್ನೂ ಚೆನ್ನಾಗಿ ನೋಡಿಕೊಂಡಿರಬೇಕು.